ಆ ಕಾರಿನ ಹಿಂದೆ ಏನೈತೆ?

ಹತ್ರ ಬನ್ನಿ, ದ್ಯಾವೀರ ಕಾರು ನೋಡೋಕೆ ಹೋದದ್ದು ಹೇಳ್ತೀನಿ. ದ್ಯಾವೀರ ಅಂದ್ರೆ ಕೆಂಪಾಜಮ್ಮನ ಮಗ. ಟ್ರ್ಯಾಕ್ಟರ್ ಓಡಿಸೋದೊಂದು ಬಿಟ್ರೆ ತಲೆಗೆ ಬೇರೇನೂ ಹತ್ತದು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅವ್ವ ಹಣೆ ಹಣೆ ಚಚ್ಕೊಳ್ಳೋಳು.

ಆಗ ಕೆಂಪಾಜಮ್ಮನ ಮಗಳು ಪುಟ್ಟತಾಯಿ ತುಂಬು ಬಸುರಿ. ಆಸ್ಪತ್ರೆ ದೂರ, ಬಸ್ಸು ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ನೋವು ಶುರುವಾದ್ರೆ ಏನು ಗತಿ? ಅವ್ವನಿಗೆ ಇದೇ ಚಿಂತೆ. ಪಕ್ಕದೂರ ಬೋರಪ್ಪ ಹಳೇ ಕಾರು ಮಾರ್ತಾನೆ ಅಂತ ಸುದ್ದಿ ಬಂತು. ಜೊತೆಗೇ ಇನ್ನೊಂದು ಪಿಸುಮಾತು: ‘ಆ ಕಾರಿಗೆ ಏನೋ ಆಗಿತ್ತಂತೆ, ಬಣ್ಣ ಬಳಿದು ಮುಚ್ಚವ್ರಂತೆ.’

“ಹೋಗೋ ಮಗ, ಆ ಕಾರಿನ ಹಿಂದೆ ಏನೈತೆ ನೋಡ್ಕೊಂಡು ಬಾ!”

ಹೋದ. ನೋಡಿದ. ಬಂದ.

“ಹಿಂದೆ ಒಂದು ಬೇಲಿ ಐತೆ ಕಣವ್ವ. ಬೇಲಿ ಹತ್ರ ಎಮ್ಮೆ ಐತೆ.”

“ಅಯ್ಯೋ ಪೆದ್ದೇ! ಬೋರಪ್ಪನ ಬಾಯಿ ಬಿಡಿಸ್ಬೇಕು ಕಣೋ, ಬಾಯಿ!”

“ಹಂಗೇ ಆಗ್ಲವ್ವ.”

ಹೋದ. ಬೋರಪ್ಪನ ಗದ್ದ ಹಿಡಿದ. “ಆ ಅನ್ನಿ ಬೋರಪ್ಪಣ್ಣ, ಇನ್ನೂ ಅಗಲ, ಆ!” ನೋಡಿದ. ಬಂದ.

“ಬಾಯಿ ಬಿಡಿಸ್ದೆ ಕಣವ್ವ. ಒಂದು ದವಡೆ ಹಲ್ಲು ಹುಳುಕು!”

“ನನ್ನ ಕರ್ಮವೇ! ಅಲ್ಲಿ ಅವಳು ಸೊಂಟ ಹಿಡ್ಕೊಂಡು ಕೂತವ್ಳೆ, ಇವನು ಹಲ್ಲು ನೋಡ್ಕೊಂಡು ಬಂದವ್ನೆ! ನಡಿ, ನಾನೇ ಬರ್ತೀನಿ. ನಾನು ಹೇಳಿದ ತಕ್ಷಣ ಮಾಡು, ಯೋಚ್ನೆ ಮಾಡ್ಬೇಡ!”

“ಮಾಡಕಿಲ್ಲವ್ವ.”

ಸರಿ, ಓಡಿಸಿ ನೋಡೋಣ ಅಂತ ಹೊರಟರು. ದ್ಯಾವೀರ ಸ್ಟೇರಿಂಗ್ ಹಿಡಿದ, ಪಕ್ಕದಲ್ಲಿ ಅವ್ವ, ಹಿಂದಿನ ಸೀಟಲ್ಲಿ ಬೋರಪ್ಪ. ದಾರಿ ಇಳಿಜಾರು. ಕಾರು ಓಡ್ತು, ಇನ್ನೂ ಜೋರಾಗಿ ಓಡ್ತು.

“ಅವ್ವಾ, ಬ್ರೇಕ್ ಒತ್ತಿದ್ರೆ ಕಾಲು ಒಳಗೇ ಹೋಯ್ತದೆ!”

ಅವ್ವ ಸೀಟು ಗಟ್ಟಿಯಾಗಿ ಹಿಡ್ಕೊಂಡಳು. ಈ ಗಾಡೀಲಿ ಬಸುರೀನ ಕೂರಿಸಿದ್ರೆ? “ಬೇಡಪ್ಪ ಬೇಡ, ಈ ಕಾರು ನಮಗೆ ಬೇಡ! ಕೈ ಬಿಟ್ಬಿಡೋ!”

ದ್ಯಾವೀರ ಯೋಚ್ನೆ ಮಾಡ್ಲಿಲ್ಲ. ಎರಡೂ ಕೈ ಬಿಟ್ಟ.

ಕಾರು ಅಡ್ಡಾದಿಡ್ಡಿ ಹೋಗಿ ತಿಪ್ಪೆಗೆ ಮೂತಿ ಹಾಕಿ ನಿಂತ್ಕೊಳ್ತು.

“ಅಯ್ಯೋ, ಮತ್ತೆ ಹಂಗೇ ಆಯ್ತಲ್ಲಪ್ಪೋ!” ಅಂದ ಬೋರಪ್ಪ.

“ಮತ್ತೆ? ಮುಂಚೆ ಎಲ್ಲಿಗೆ ಹೋಗಿತ್ತು?”

“ಹಳ್ಳಕ್ಕೆ ಕಣಕ್ಕ... ನನ್ನ ಭಾಮೈದನ ಕಾಲೇ ಹೋಯ್ತು...”

ಅವ್ವ ಸೆರಗಲ್ಲಿ ಮುಖ ಒರೆಸ್ಕೊಂಡಳು. ನಾಳೇನೇ ಮಗಳನ್ನ ಪೇಟೇಲಿ ಆಸ್ಪತ್ರೆ ಹತ್ರ ಇರೋ ತನ್ನ ತಂಗಿ ಮನೇಲಿ ಬಿಡೋದು ಅಂತ ಅಲ್ಲೇ ತೀರ್ಮಾನ ಮಾಡಿದಳು. ಆದ್ರೆ ಇಂಜಿನ್ ಇನ್ನೂ ಗುರ್ರ್ ಅಂತೈತೆ, ಚಕ್ರ ಗರಗರ ತಿರುಗ್ತೈತೆ, ಗೊಬ್ಬರ ಊರ ತುಂಬ ಹಾರ್ತೈತೆ!

ದ್ಯಾವೀರ ಎರಡೂ ಕೈ ಮೇಲೆತ್ತಿಕೊಂಡೇ ಕೂತವ್ನೆ.

“ಕೈ ಬಿಟ್ಟೆ ಕಣವ್ವ. ಎಕ್ಸಿಲೇಟರ್ ಮೇಲಿರೋ ಕಾಲೂ ಬಿಡ್ಲಾ?”