ಅರಸನ ಹೆಗಲಿನ ಶಾಲು

"ನನ್ನ ಹೆಸರಿನಲ್ಲಿ ಹೊರಿಸಿದ ದೂರು ಇದುವರೆಗೆ ಒಂದೂ ಸೋತಿಲ್ಲ" ಎಂದ ಹೊನ್ನೆಗುಡ್ಡದ ಅರಸ ವೀರನಾಯಕ. "ಇದೂ ಸೋಲಬಾರದು, ಕೇತಯ್ಯ."

ಕೇತಯ್ಯ ಅರಮನೆಯ ವಕೀಲ. ಅರಸನ ಪರವಾಗಿ ದೂರು ಹೊರಿಸಿ ವಾದ ಮಾಡುವುದು ಅವನ ಕೆಲಸ. ತೀರ್ಪು ಹೇಳುವವನೂ ಅರಸನೇ ಆದ್ದರಿಂದ, ದೂರುಗಳು ಸೋಲದೆ ಇದ್ದುದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ.

"ಏನು ದೂರು, ಪ್ರಭು?"

"ನವಿಲಂಚಿನ ನನ್ನ ಕೆಂಪು ಶಾಲು ಕಾಣೆಯಾಗಿದೆ. ಅರಮನೆಯ ಬಟ್ಟೆ ಒಗೆಯಲು ಒಯ್ಯುವವಳು ಮಾಚವ್ವ. ಇನ್ನಾರು ಕದ್ದಾರು? ಶಾಲನ್ನು ಇಲ್ಲಿಂದ ದಾಟಿಸಿದವರು ನಾಳೆ ಸೂರ್ಯ ಮುಳುಗುವುದರೊಳಗೆ ಗಡಿ ದಾಟಬೇಕು."

"ಯಾರೇ ಆಗಲಿ?"

"ಯಾರೇ ಆಗಲಿ."

ಕೇತಯ್ಯ ಹೊಳೆಯ ಕಡೆ ನಡೆದ. ಮಾಚವ್ವ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಬಡಿತ ಎಂದಿಗಿಂತ ಜೋರಾಗಿತ್ತು.

"ನನ್ನ ಮ್ಯಾಲೆ ವಾದ ಮಾಡೋರು ನೀವೇ ಅಂತಲ್ಲ, ಬುದ್ಧೀ. ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ದೂರು ಹೊರಿಸುವ ಮೊದಲು ಅದು ನಿಜವೋ ಸುಳ್ಳೋ ನೋಡಬೇಕಲ್ಲ, ಅವ್ವ. ಅದೂ ನನ್ನ ಕೆಲಸವೇ."

"ಹಂಗಾದ್ರೆ ನಿಮ್ಮ ಕೆಲಸ ಬಾಳ ದಿನ ಇರಾಕಿಲ್ಲ ಬಿಡಿ" ಎಂದಳು ಮಾಚವ್ವ. ಆಮೇಲೆ ಕೈ ತಡೆದಳು. "ಆ ಶಾಲು ನನ್ನ ಕೈಗೇ ಬರಲಿಲ್ಲ. ಈ ವಯಸ್ಸಲ್ಲಿ ಊರು ಬಿಟ್ಟು ಎಲ್ಲಿಗೆ ಹೋಗಲಿ?"

ಅಲ್ಲಿಂದ ಕೇತಯ್ಯ ಊಳಿಗದ ಸಿಂಗಣ್ಣನನ್ನು ಹುಡುಕಿಕೊಂಡು ಹೋದ. ಅರಸ ಸಂತೋಷವಾದಾಗ ತನ್ನ ಹೆಗಲ ಶಾಲನ್ನೇ ತೆಗೆದು ಎದುರಿಗಿದ್ದವರಿಗೆ ಹೊದಿಸಿಬಿಡುತ್ತಿದ್ದ. ಅರಸನ ಹೆಗಲು ಬರಿದಾಗಬಾರದೆಂದು, ಹಿಂದೆ ನಿಂತ ಸಿಂಗಣ್ಣ ಒಡನೆಯೇ ಇನ್ನೊಂದು ಶಾಲು ಹಾಕುತ್ತಿದ್ದ.

"ಕೆಂಪು ಶಾಲು ಎಲ್ಲಿ ಹೋಯಿತೆಂದು ನಿನಗೆ ಗೊತ್ತು, ಸಿಂಗಣ್ಣ. ಯಾಕೆ ಬಾಯಿ ಬಿಡಲಿಲ್ಲ?"

ಸಿಂಗಣ್ಣ ಸೂರಿನ ಕಡೆ ನೋಡಿದ. "ಅರಸರು ಕೊಟ್ಟದ್ದನ್ನು ಅರಸರಿಗೆ ನೆನಪಿಸಬಾರದು. ಅದು ಅರಮನೆಯ ಪದ್ಧತಿ."

"ನನಗೆ ಹೇಳಬಾರದೆಂದು ಪದ್ಧತಿ ಇದೆಯೇ?"

ಸಿಂಗಣ್ಣ ಯೋಚಿಸಿದ. ಇರಲಿಲ್ಲ. ಕಿವಿಯಲ್ಲಿ ಹೇಳಿದ.

ಮರುದಿನ ಮಧ್ಯಾಹ್ನ ಓಲಗ ಸೇರಿತು. ಮಾಚವ್ವ ಸೆರಗು ಬಿಗಿಹಿಡಿದು ನಿಂತಿದ್ದಳು.

"ನನ್ನ ಸಾಕ್ಷಿ ನಾಗಸ್ವರದ ರಂಗಯ್ಯ" ಎಂದ ಕೇತಯ್ಯ.

"ಅವನೇನು ಹೇಳುತ್ತಾನೆ?"

"ಹೇಳುವುದಿಲ್ಲ, ಪ್ರಭು. ಊದುತ್ತಾನೆ."

ರಂಗಯ್ಯ ಊದಿದ. ಅರಸ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ತಲೆದೂಗಿದ, ಆಮೇಲೆ ಕಣ್ಣು ಮುಚ್ಚಿದ. ಮುಗಿಯುತ್ತಲೇ "ಭಲೇ ರಂಗಯ್ಯ" ಎಂದು ಎದ್ದು ಬಂದು ಹೆಗಲ ಶಾಲನ್ನು ಅವನಿಗೆ ಹೊದಿಸಿದ. ಸಿಂಗಣ್ಣನ ಕೈ ತನ್ನ ಕೆಲಸ ಮಾಡಿತು. ಅರಸ ಹೋಗಿ ಕುಳಿತ.

"ಪ್ರಭು, ತಾವು ಈಗ ಹೊದ್ದಿರುವ ಶಾಲು ಯಾವ ಬಣ್ಣದ್ದು?"

"ಹಸಿರು. ಬೆಳಗ್ಗೆ ನಾನೇ ಆರಿಸಿದ್ದು."

ಸಭೆಯವರ ಕಣ್ಣೆಲ್ಲ ರಂಗಯ್ಯನ ಹೆಗಲಿನ ಕಡೆ ಹೊರಳಿತು.

"ಹಳದಿ, ಬುದ್ಧೀ" ಎಂದಳು ಮಾಚವ್ವ. "ಹಸಿರು ಅಲ್ಲೈತೆ."

ಅರಸ ತನ್ನ ಹೆಗಲು ನೋಡಿಕೊಂಡ. ರಂಗಯ್ಯನ ಹೆಗಲು ನೋಡಿದ. ಅಷ್ಟರಲ್ಲಿ ರಂಗಯ್ಯ ತಾನು ತಂದಿದ್ದ ಗಂಟು ಬಿಚ್ಚಿ ಕೆಂಪು ಶಾಲನ್ನು ಹೊರಗೆ ತೆಗೆದಿದ್ದ. "ಹೋದ ಸಲ ಊದಿದಾಗ ಹೊದಿಸಿದ್ದು ಇದು, ಮಹಾಸ್ವಾಮಿ. ಕರೆ ಬಂತಲ್ಲ, ವಾಪಸು ಕೇಳ್ತೀರೇನೋ ಅಂತ ಹಿಡ್ಕೊಂಡೇ ಬಂದೆ."

"ಕೇತಯ್ಯ, ನೀನು ನನ್ನ ವಕೀಲನೋ, ಅವಳ ವಕೀಲನೋ?"

"ತಮ್ಮವನೇ, ಪ್ರಭು. ಕದಿಯದವಳನ್ನು ತಮ್ಮ ಹೆಸರಿನಲ್ಲಿ ಗಡಿ ದಾಟಿಸಿದ್ದರೆ ಕೆಟ್ಟ ಹೆಸರು ಬರುತ್ತಿದ್ದುದು ತಮಗೆ. ಅದನ್ನು ತಪ್ಪಿಸಿದ್ದೇನೆ. ದೂರೂ ಸೋತಿಲ್ಲ, ಶಾಲು ದಾಟಿಸಿದವರು ಸಿಕ್ಕಿದ್ದಾರೆ." ಕೇತಯ್ಯ ಕಿಟಕಿಯಾಚೆ ನೋಡಿದ. "ಸೂರ್ಯ ಮುಳುಗಲು ಇನ್ನೂ ಹೊತ್ತಿದೆ. ತಮ್ಮ ಕುದುರೆಗೆ ಜೀನು ಹಾಕಿಸಲೇ?"

ಅರಸನ ಮುಖ ಕೆಂಪಾಯಿತು. ಆಮೇಲೆ ಜೋರಾಗಿ ನಕ್ಕುಬಿಟ್ಟ. ಕಣ್ಣೊರೆಸಿಕೊಂಡು, "ತಪ್ಪು ನನ್ನದು, ಮಾಚವ್ವ. ಮನೆಗೆ ಹೋಗು ತಾಯಿ" ಎಂದ. ಹಾಗೇ ಎದ್ದು ಬಂದು ಹಳದಿ ಶಾಲನ್ನು ಕೇತಯ್ಯನ ಕಡೆ ಚಾಚಿದ. ಹಿಂದೆ ಸಿಂಗಣ್ಣ ಆಗಲೇ ಇನ್ನೊಂದನ್ನು ಬಿಡಿಸುತ್ತಿದ್ದ.

ಕೇತಯ್ಯ ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ, ಪ್ರಭು. ನಾಳೆ ಇದೂ ಕಾಣೆಯಾಯಿತೆಂದರೆ, ನನ್ನ ಮೇಲೆ ದೂರು ಹೊರಿಸಬೇಕಾದವನು ನಾನೇ."