ಮಳಿಗೆಯ ಮುಂದೆ ಕೂತ ಹೆಂಗಸು

“ಗುರುಗಳೇ, ಅಲೆಮಾರಿ ಜನರಿಗೆ ಎಷ್ಟು ಅನುಕೂಲ ಮಾಡಿಕೊಟ್ಟರೂ ಮತ್ತೆ ಬೀದಿಗೇ ಬಂದು ಕೂರುತ್ತಾರಲ್ಲ, ಏಕೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಹಕ್ಕಿಪಿಕ್ಕಿ ಹೆಂಗಸು ಊರೂರು ಅಲೆದು ತಲೆಗೆ ಹಚ್ಚುವ ಎಣ್ಣೆ ಮಾರುತ್ತಿದ್ದಳು. ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ಒಂದೇ ಊರಿನಲ್ಲಿ ನಿಲ್ಲಬೇಕೆಂದುಕೊಂಡಳು. ಆ ಊರಿನ ಮುಖಂಡನೊಬ್ಬ ಅವಳಿಗೆ ಬಸ್ ನಿಲ್ದಾಣದ ಬಳಿ ಒಂದು ಮಳಿಗೆ ಕೊಡಿಸಿದ. ಅದಕ್ಕೊಂದು ಸಭೆಯೂ ನಡೆಯಿತು. ಹಾರ ಬಿದ್ದದ್ದು ಮುಖಂಡನ ಕೊರಳಿಗೆ.

ಆಕೆ ಮಳಿಗೆಯ ಹಿಂಭಾಗದಲ್ಲೇ ಗ್ಯಾಸ್ ಒಲೆಯ ಮೇಲೆ ಎಣ್ಣೆ ಕಾಯಿಸಿದಳು. ಸೀಸೆಗಳಿಗೆ ಲೇಬಲ್ ಅಂಟಿಸಿದಳು. ಏನೇನು ಹಾಕಿದ್ದೀಯ ಎಂದು ಕೇಳಿದವರಿಗೆ ಒಳ್ಳೆಯ ಕನ್ನಡದಲ್ಲಿ ಬಿಡಿಸಿ ಹೇಳಿದಳು: ಕೊಬ್ಬರಿ ಎಣ್ಣೆ, ಗರುಗದ ಸೊಪ್ಪು, ದಾಸವಾಳ, ಒಂದಷ್ಟು ಬೇರು; ಬೇರುಗಳು ಹಿಂದಿನ ಬೀದಿಯ ಗ್ರಂಥಿಗೆ ಅಂಗಡಿಯಿಂದ ತಂದವು. “ಇದನ್ನು ನಾವೇ ಮನೆಯಲ್ಲಿ ಕಾಯಿಸಬಹುದಲ್ಲ” ಎಂದು ಸೀಸೆ ಕೆಳಗಿಟ್ಟು ಹೋದರು. ಮನೆಗೆ ಹೋಗಿ ಯಾರೂ ಕಾಯಿಸಲಿಲ್ಲ.

ಮಳೆಗಾಲ ಕಳೆಯಿತು. ಮಳಿಗೆ ಮುಚ್ಚುವ ಸ್ಥಿತಿ ಬಂತು. ಮುಚ್ಚಿದರೆ ಮತ್ತೆ ಅಲೆಯಬೇಕು, ಮಗಳನ್ನು ಶಾಲೆ ಬಿಡಿಸಿ ಜೊತೆಗೆ ಕರೆದೊಯ್ಯಬೇಕು.

ಆಗ ಆಕೆ ಲೇಬಲ್‌ಗಳನ್ನು ಕಿತ್ತಳು. ಪೆಟ್ಟಿಗೆಯಲ್ಲಿದ್ದ ಮಣಿಸರಗಳನ್ನು ಹಾಕಿಕೊಂಡಳು. ಷಟರ್ ಅರ್ಧ ಎಳೆದು, ತನ್ನದೇ ಮಳಿಗೆಯ ಮುಂದೆ ಗೋಣಿ ಹಾಸಿ ಕೂತಳು. ಕನ್ನಡವನ್ನೂ ಬೇಕಾದಷ್ಟು ಕೆಡಿಸಿಕೊಂಡಳು. ಬೇರು ಎಲ್ಲಿಯದೆಂದು ಈಗ ಯಾರೂ ಕೇಳಲಿಲ್ಲ. ಯಾವ ಕಾಡಿನದೆಂದು ಗಿರಾಕಿಗಳೇ ಪಕ್ಕದವರಿಗೆ ವಿವರಿಸಿದರು. ಸಂಜೆಯೊಳಗೆ ಸೀಸೆಗಳು ಖಾಲಿಯಾದವು.

ಕೆಲವು ದಿನಗಳ ಮೇಲೆ ಮುಖಂಡ ಆ ದಾರಿಯಲ್ಲಿ ಬಂದ.

“ಏನಮ್ಮಾ, ಮಳಿಗೆ ಕೊಡಿಸಿದರೂ ನೆಲದ ಮೇಲೇ ಕೂತಿದ್ದೀಯಲ್ಲ. ನಿಮ್ಮ ಜನ ಸುಧಾರಿಸೋದು ಯಾವಾಗ?”

“ಒಳಗೆ ಕೂತಿದ್ದಾಗ ನೀವು ಒಂದು ದಿನವಾದರೂ ಬಂದಿದ್ರಾ, ಯಜಮಾನ್ರೇ?”

“ಅದು ಅಂಗಡಿ ಎಣ್ಣೆ ಕಣಮ್ಮಾ. ಅದನ್ನ ಕೊಳ್ಳೋಕೆ ನಿನ್ನ ಹತ್ರಾನೇ ಬರಬೇಕಾ? ಇದು ಕಾಡಿಂದು ತಾನೇ?”

ಆಕೆ ಕೊರಳಿನ ಮಣಿಸರ ಸರಿಮಾಡಿಕೊಂಡಳು.

“ಕಾಡು, ಸಾಮಿ. ದೂರ ಕಾಡು.”

ಮುಖಂಡ ಚೌಕಾಸಿ ಮಾಡದೆ ಎರಡು ಸೀಸೆ ಕೊಂಡ. ಒಳಗೆ ಒಲೆಯ ಮೇಲೆ ಮುಂದಿನ ಎಣ್ಣೆ ಕಾಯುತ್ತಿತ್ತು. ಮಗಳ ಶಾಲೆ ತಪ್ಪಲಿಲ್ಲ.

ಇಷ್ಟು ಹೇಳಿ ಗುರು ಕಥೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ ಆಕೆ ಸುಳ್ಳು ಹೇಳಿ ಮಾರಿದಳಲ್ಲವೇ, ಗುರುಗಳೇ?”

“ನಿಜವನ್ನು ಮಳೆಗಾಲವಿಡೀ ಅಂಗಡಿಯಲ್ಲಿಟ್ಟಿದ್ದಳಪ್ಪ, ಒಬ್ಬರೂ ಕೊಳ್ಳಲಿಲ್ಲ.”