ಎಂಜಿನ್ನಿನ ಉಸಿರು, ಹಾಲವ್ವನ ಮಂಡಕ್ಕಿ

ಪೆದ್ದರು ಯಾವ ಊರಲ್ಲಿಲ್ಲ ಹೇಳಿ? ಆದರೆ ನಮ್ಮ ಭಟ್ಟಿಹಟ್ಟಿಯ ಕರಿಬಸ್ಯನ ಪಕ್ಕ ನಿಮ್ಮೂರ ಪೆದ್ದನನ್ನು ತಂದು ನಿಲ್ಲಿಸಿ, ನಿಮ್ಮವನು ಪಂಡಿತನ ಹಾಗೆ ಕಾಣದಿದ್ದರೆ ಕೇಳಿ. ಇಂಥವನು ಹುಟ್ಟೋಕೂ ಊರು ಪುಣ್ಯ ಮಾಡಿರಬೇಕು. ಪುಣ್ಯವೇನೋ ಊರಿನದು, ಪಾಡು ಮಾತ್ರ ಅವನ ತಾಯಿ ಹಾಲವ್ವನದು.

ಹಾಲವ್ವ ಮಂಡಕ್ಕಿ ಭಟ್ಟಿಯವಳು. ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಮಲ್ಲಿಗೆಯಂಥ ಮಂಡಕ್ಕಿ ಅರಳಿಸಿ ಚೀಲ ತುಂಬುವಳು. ಸತ್ತ ಗಂಡನ ಹಳೇ ಬೈಕಿನ ಮೇಲೆ ಮಗ ಅದನ್ನು ಪೇಟೆಗೆ ಒಯ್ಯುವನು. ಬೈಕಿಗೊಂದು ರೋಗವಿತ್ತು. ಎಂಜಿನ್ನಿನ ಹೊಟ್ಟೆಯಿಂದ ಹೊರಟ ಗಿಡ್ಡ ಪೈಪೊಂದು ಹೊಗೆಯ ಜೊತೆ ಎಣ್ಣೆಯನ್ನೂ ಉಗುಳಿ ಹಿಂದಿನ ಚೀಲಗಳಿಗೆ ಸಿಡಿಸುತ್ತಿತ್ತು. ಎಂಜಿನ್ ಎಣ್ಣೆ ನಾರುವ ಮಂಡಕ್ಕಿ ಯಾರು ತಿಂತಾರೆ? ಗಿರಾಕಿಗಳು ಒಬ್ಬೊಬ್ಬರೇ ಜಾರಿದರು. ಉಳಿದವನು ಮಿರ್ಚಿ ಅಂಗಡಿಯ ಕೊಟ್ರೇಶಣ್ಣ ಒಬ್ಬನೇ. ಇನ್ನೊಂದು ಸಲ ನಾತ ಬಂದರೆ ಬೇರೆ ಭಟ್ಟಿ ನೋಡ್ಕೋತೀನಿ ಅಂತ ಅವನೂ ಹೇಳಿಬಿಟ್ಟಿದ್ದ. ಅವನು ಹೋದರೆ ಭಟ್ಟಿಗೆ ನೀರು ಸುರಿಯುವುದೊಂದೇ ದಾರಿ.

"ಆ ಹಾಳು ಪೈಪಿನ ಬಾಯಿ ಮುಚ್ಚಲೇ," ಅಂದಳು ಹಾಲವ್ವ.

ಮುಚ್ಚಿದ. ಹೇಗೆ ಮುಚ್ಚಿದ? ಬೇವಿನ ಕಟ್ಟಿಗೆ ಕೆತ್ತಿ, ಬಟ್ಟೆ ಸುತ್ತಿ, ಸುತ್ತಿಗೆಯಲ್ಲಿ ಬಡಿದು ಮುಚ್ಚಿದ. ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟ. ಊರ ಬಾವಿ ದಾಟಿರಲಿಲ್ಲ, ಎಂಜಿನ್ನಿನ ಹೊಟ್ಟೆ ಉಬ್ಬಿ, ಸೀಲು ಕಿತ್ತು, ಸಂದುಸಂದಿನಿಂದ ಎಣ್ಣೆ ಚಿಮ್ಮಿತು. ಹಾಲವ್ವನ ಸೀರೆಗೆ ಒಗ್ಗರಣೆ ಹಾಕಿದಂತಾಯಿತು.

ಮೆಕ್ಯಾನಿಕ್ ಬುಡೇನ್‌ಸಾಬ್ ಬಿರಡೆ ಕಿತ್ತು, ಹೊಸ ಸೀಲು ಕೂರಿಸಿ, ಮನಸಾರೆ ಬೈದ. ಒಳಗೆ ಪಿಸ್ಟನ್ ಕುಣಿದಂತೆಲ್ಲ ಗಾಳಿ ಒತ್ತುತ್ತದೆ, ಅದು ಹೊರಗೆ ಹೋಗೋ ದಾರಿ ಇದು ಅಂತ ಬಿಡಿಸಿ ಹೇಳಿದ. "ಇದು ಎಂಜಿನ್ನಿನ ಉಸಿರು ಕಣೋ. ನಿನ್ನ ಮೂಗು ಬಾಯಿ ಕಟ್ಟಿದರೆ ಬದುಕ್ತೀಯಾ? ಬಾಯಿ ಅಂದಮೇಲೆ ತೆರೆದಿರಬೇಕು."

ಕರಿಬಸ್ಯ ತಲೆಯಾಡಿಸಿದ. ಮರುದಿನ ಚೀಲಗಳನ್ನು ಬೈಕಿಗೆ ಏರಿಸಿ ನೋಡುತ್ತಾನೆ, ಅಯ್ಯೋ ಪಾಪ, ಅವಕ್ಕೂ ಬಾಯಿ ಕಟ್ಟಿದ್ದಾರೆ. ಎಲ್ಲವನ್ನೂ ಬಿಚ್ಚಿದ. ಗಾಡಿ ಓಡಿದಂತೆ ಮಂಡಕ್ಕಿ ಹಾರಿತು. ಭಟ್ಟಿಹಟ್ಟಿಯಿಂದ ಪೇಟೆಯವರೆಗೆ ರಸ್ತೆಯೆಲ್ಲ ಬೆಳ್ಳಗೆ, ಅದರ ಮೇಲೆಲ್ಲ ಕಾಗೆ ಕರ್ರಗೆ. ಕೊಟ್ರೇಶಣ್ಣನ ಕೈಗೆ ಖಾಲಿ ಚೀಲ ಕೊಟ್ಟು, ಚೆನ್ನಾಗಿ ಉಸಿರಾಡ್ಯಾವೆ ಅಣ್ಣಾ ಅಂದ.

ಹಾಲವ್ವ ಹೋಗಿ ಕೈಮುಗಿದಳು. ಬೈಕಿನ ಮೇಲೆ ಊರು ಸುತ್ತಿಸಿದ ಚೀಲ ಒಂದು ತೆಗೆದಿಡು, ನಾನೇ ಭಟ್ಟಿಗೆ ಬಂದು ಮೂಸಿ ನೋಡ್ತೀನಿ, ಆಮೇಲೆ ಮಾತು ಅಂದ ಕೊಟ್ರೇಶಣ್ಣ.

ಅಷ್ಟರೊಳಗೆ ಬೈಕು ಸರಿಯಾಗಬೇಕಲ್ಲ. ಬುಡೇನ್‌ಸಾಬ್ ಗಿಡ್ಡ ಪೈಪು ತೆಗೆದು ಉದ್ದದ್ದು ಹಾಕಿದ, ಅದರ ತುದಿಯನ್ನು ಸೀಟಿನ ಕೆಳಗೊಂದು ಬಾಟ್ಲಿಗೆ ಇಳಿಸಿದ, ನಡುವೆ ಒಂದು ಪುಟ್ಟ ವಾಲ್ವ್ ಕೂರಿಸಿದ. ಇದು ಉಸಿರನ್ನು ಹೊರಗೆ ಬಿಡುತ್ತೆ, ವಾಪಸ್ ಒಳಗೆ ಬಿಡಲ್ಲ ಅಂದ. ಎಣ್ಣೆಯೆಲ್ಲ ಬಾಟ್ಲಿಗೆ ಬಂತು, ಚೀಲಕ್ಕೆ ಒಂದು ಹನಿಯೂ ಸಿಡಿಯಲಿಲ್ಲ.

"ನೋಡಲೇ, ಆ ವಾಲ್ವ್ ಹೆಬ್ಬೆರಳಷ್ಟಿಲ್ಲ, ಎಷ್ಟು ಬುದ್ಧಿ ಅದಕ್ಕೆ," ಅಂದಳು ಹಾಲವ್ವ. "ನೀನೂ ಅದರ ಹಾಗಿರೋದು ಕಲಿ."

ಕಲಿತ. ಕೊಟ್ರೇಶಣ್ಣ ಬಂದ ದಿನ ಕರಿಬಸ್ಯ ಬಾಗಿಲ ಒಳಗೇ ನಿಂತ. ಕೊಟ್ರೇಶಣ್ಣ ತೆಗೆದಿಟ್ಟ ಚೀಲದಿಂದ ಹಿಡಿ ಮಂಡಕ್ಕಿ ಮುಕ್ಕಿ, ಬಾಯಿಗೇನೋ ಹಿತವಾಗಿದೆ, ವಾಸನೆ ಇನ್ನೊಮ್ಮೆ ನೋಡ್ತೀನಿ ಅಂತ ಮೂಗು ಸೀಟಿ ಬರಲು ಹೊರಗೆ ಹೋದ. ತಿರುಗಿ ಬಂದರೆ ಕರಿಬಸ್ಯ ಕೈ ಅಡ್ಡ ಹಿಡಿದ. ಗಲಾಟೆ ಕೇಳಿ ಹಾಲವ್ವ ಹೊರಗೆ ಓಡಿದಳು. ಅವಳನ್ನೂ ಒಳಗೆ ಬಿಡಲಿಲ್ಲ. ಹೆತ್ತ ತಾಯಿ ಕಣೋ, ನನ್ನ ಮನೆ ಕಣೋ ಅಂತ ಅವಳು ಬಾಯಿ ಬಡಿದುಕೊಂಡರೆ, ಇವರಿಗೆ ತಿಳಿಸಿ ಹೇಳೋಣ ಅಂತ ತಾನೂ ಹೊರಗೆ ಬಂದ. ಬಂದಮೇಲೆ ಅವನೂ ಒಳಗೆ ಹೋಗುವಂತಿಲ್ಲ.

ಮೂವರೂ ಬೀದಿಯಲ್ಲಿ. ಬಾಗಿಲು ಹಾರು ಹೊಡೆದಿತ್ತು. ಪಕ್ಕದ ಮನೆಯ ಆಡು ಕರಿಬಸ್ಯನ ಕಾಲ ಸಂದಿಯಲ್ಲಿ ಒಳಗೆ ನುಗ್ಗಿ ಅದೇ ಮಂಡಕ್ಕಿ ಚೀಲಕ್ಕೆ ಮೂತಿ ಇಟ್ಟಿತು.

"ಓಡಿಸಲೇ ಅದನ್ನ!"

"ತಾನಾಗೇ ಬರಲಿ ಬಿಡವ್ವ. ಹೊರಗೆ ಬರೋದಕ್ಕೆ ಯಾರ ಅಡ್ಡಿಯೂ ಇಲ್ಲ."

ಹಾಲವ್ವ ತಲೆ ಮೇಲೆ ಕೈಹೊತ್ತು ಕೂತಳು, ಇದ್ದೊಬ್ಬ ಗಿರಾಕಿಯೂ ಕೈಬಿಟ್ಟ ಅಂತ. ಕೊಟ್ರೇಶಣ್ಣ ಮಾತ್ರ ಆಡನ್ನೇ ನೋಡುತ್ತಿದ್ದ. ಎಣ್ಣೆ ನಾತ ಇದ್ದರೆ ಆಡು ಮೂಸಿಯೂ ನೋಡಲ್ಲ, ಇದು ಚೀಲದ ತಳ ನೆಕ್ಕುತ್ತಿದೆ.

"ಹಾಲವ್ವ, ಈ ಆಡು ತಿಂದ ಮಂಡಕ್ಕಿನೇ ನನಗೆ ಬೇಕು. ನಾಳೆ ಬೆಳಿಗ್ಗೆ ಅಂಗಡಿಗೆ ಕಳಿಸು."

ಹಾಲವ್ವನ ಕಣ್ಣಲ್ಲಿ ನೀರು ಬಂತು. ಮಗನ ಕಿವಿ ಹಿಂಡಿ ಹೇಳಿದಳು, ನಿನ್ನ ಬುದ್ಧಿ ಓಡಿಸಬೇಡ, ಅಣ್ಣ ಏನು ಕೇಳಿದನೋ ಅದನ್ನೇ ಒಯ್ದು ಕೊಡು. ರಾತ್ರಿಯೆಲ್ಲ ಹುರಿದು ಚೀಲ ತುಂಬಿಟ್ಟಳು.

ಬೆಳಿಗ್ಗೆ ಕೊಟ್ರೇಶಣ್ಣನ ಅಂಗಡಿ ಮುಂದೆ ಬೈಕು ನಿಂತಿತು. ಹಿಂದಿನ ಸೀಟಿಗೆ ಆಡನ್ನು ಹಗ್ಗದಿಂದ ಬಿಗಿದಿತ್ತು. ಚೀಲ ಎಲ್ಲೋ ಅಂದ ಕೊಟ್ರೇಶಣ್ಣ. ಕರಿಬಸ್ಯ ಆಡನ್ನು ಬಿಚ್ಚಿ, ಎತ್ತಿ, ಅವನ ಮೇಜಿನ ಮೇಲೆ ಮಂಡಕ್ಕಿ ಅಳೆಯುವ ಸೇರಿನ ಪಕ್ಕ ನಿಲ್ಲಿಸಿದ.

"ಎಲ್ಲಾ ಒಳಗೇ ಐತೆ ಅಣ್ಣಾ. ಅಳಕೋ."